ಸೇಸ್ ಅನ್ನುವ ವೆಲ್ಷ್ ಸರ್‌ನೇಮ್: ಮೂಲ ಏನು, ಎಲ್ಲೆಲ್ಲಿ ಇದೆ?

ಗಡಿಮನೆ ಸೊಸೆ

ಎಲ್ಲರಿಗೂ ನಮಸ್ಕಾರ. ಒಂದು ಹೆಸರಿನಿಂದ ನಮ್ಮ ಮನೆಯಲ್ಲಿ ಶುರುವಾದ ಬೇಸರ ಇನ್ನೂ ಹೋಗಿಲ್ಲ. ಹಳೇ ದಾಖಲೆಗಳನ್ನು ಓದಿ ಗೊತ್ತಿರುವವರು ಇಲ್ಲಿದ್ದಾರೆ, ಅದಕ್ಕೇ ಕೇಳುತ್ತಿದ್ದೇನೆ.

ನಾನು ಮದುವೆಯಾಗಿ ವೇಲ್ಸ್‌ಗೆ ಬಂದವಳು. ಗಂಡನ ಸರ್‌ನೇಮ್ ಸೇಸ್. ಇಂಗ್ಲಿಷಿನಲ್ಲಿ ಎಸ್, ಎ, ವೈ, ಸಿ, ಇ ಅಂತ ಬರೆಯುತ್ತಾರೆ. ಇಲ್ಲಿ ಎಲ್ಲಿ ನೋಡಿದರೂ ಜೋನ್ಸ್, ಡೇವಿಸ್, ವಿಲಿಯಮ್ಸ್, ಇವಾನ್ಸ್. ಸೇಸ್ ಅನ್ನುವವರು ನಮ್ಮ ಬಳಗ ಬಿಟ್ಟರೆ ನನಗೆ ಯಾರೂ ಸಿಕ್ಕಿಲ್ಲ.

ಮಾವನವರ ಊರು ನೈಟನ್. ಹಿಂದೆ ರಾಡ್ನರ್‌ಷೈರ್‌ನಲ್ಲಿತ್ತು, 1974ರ ನಂತರ ಪೊವಿಸ್. ಎಂಟನೇ ಶತಮಾನದ ರಾಜ ಆಫಾನ ಹೆಸರಿನ ಮಣ್ಣಿನ ಒಡ್ಡು ಊರಿನ ಪಕ್ಕದಲ್ಲೇ ಹಾದು ಹೋಗುತ್ತದೆ. ಊರು ವೇಲ್ಸ್‌ನದು, ಆದರೆ ರೈಲ್ವೆ ಸ್ಟೇಷನ್ ಇರುವುದು ಇಂಗ್ಲೆಂಡಿನ ಶ್ರಾಪ್‌ಷೈರ್‌ನಲ್ಲಿ. ರೈಲು ಇಳಿದು ಟೀಮ್ ನದಿ ದಾಟಿದರೆ ವೇಲ್ಸ್. ಇಂಥ ಜಾಗದಲ್ಲಿ ಹುಟ್ಟಿ ಬೆಳೆದರೂ ಮಾವನವರಿಗೆ ತಾವು ವೆಲ್ಷ್ ಅನ್ನುವುದರಲ್ಲಿ ಎಳ್ಳಷ್ಟೂ ಅನುಮಾನ ಇರಲಿಲ್ಲ. ರಗ್ಬಿ ಮ್ಯಾಚ್ ದಿನ ಅವರನ್ನು ಮಾತಾಡಿಸುವ ಹಾಗೇ ಇಲ್ಲ.

ರಿಟೈರ್ ಆದ ಮೇಲೆ ವೆಲ್ಷ್ ಕಲಿಯುವ ಸಂಜೆ ಕ್ಲಾಸಿಗೆ ಸೇರಿಕೊಂಡರು. ಅವರ ಅಜ್ಜನಿಗೂ ವೆಲ್ಷ್ ಬರುತ್ತಿರಲಿಲ್ಲವಂತೆ, ತಾವಾದರೂ ಕಲಿಯಬೇಕು ಅಂತ ಆಸೆ. ಒಂದು ದಿನ ಕ್ಲಾಸಿನಲ್ಲಿ ಎಲ್ಲರ ಸರ್‌ನೇಮ್ ಬಗ್ಗೆ ಮಾತು ಬಂತು. ಲಾಯ್ಡ್ ಅಂದರೆ ಬೂದುಬಣ್ಣ, ಗಾಫ್ ಅಂದರೆ ಕೆಂಪು ಅಂತೆಲ್ಲ ಹೇಳುತ್ತಾ ಬಂದವರು ಇವರ ಸರದಿ ಬಂದಾಗ "ನಿಮ್ಮದು ಸೈಸ್, ಅಂದರೆ ಇಂಗ್ಲಿಷ್‌ನವನು" ಅಂದುಬಿಟ್ಟರು. ಎಲ್ಲರೂ ನಕ್ಕರಂತೆ. ಮಾವ ಮನೆಗೆ ಬಂದು ಪುಸ್ತಕವನ್ನು ಕಪಾಟಿನಲ್ಲಿಟ್ಟವರು ಮತ್ತೆ ತೆಗೆದಿಲ್ಲ. ಕ್ಲಾಸಿಗೂ ಹೋಗುತ್ತಿಲ್ಲ. ಕೇಳಿದರೆ "ಇರಲಿ ಬಿಡಮ್ಮ" ಅನ್ನುವ ಧಾಟಿಯಲ್ಲಿ ಮಾತು ಬದಲಿಸುತ್ತಾರೆ.

ನನ್ನ ಪ್ರಶ್ನೆ ಇಷ್ಟು. ಈ ಹೆಸರಿಗೆ ನಿಜವಾಗಿಯೂ ಅದೇ ಅರ್ಥವಾ? ಹಾಗಿದ್ದರೆ ಇವರ ಹಿರಿಯರು ಇಂಗ್ಲೆಂಡಿನಿಂದ ಬಂದವರಾ? ಈ ಹೆಸರಿನವರು ಯಾವ ಕಡೆ ಜಾಸ್ತಿ ಇದ್ದಾರೆ? ನಮ್ಮ ಮಗಳಿಗೂ ಇದೇ ಸರ್‌ನೇಮ್. ನಾಳೆ ಅವಳು ಕೇಳಿದಾಗ ಸರಿಯಾಗಿ ಹೇಳಬೇಕು ಅಂತ ನನಗೂ ಇದೆ.

ದಾರಿಹೋಕ

ಅರ್ಥವೇ ಇಂಗ್ಲಿಷ್‌ನವನು ಅಂತಿದ್ದರೆ ಇಂಗ್ಲೆಂಡಿನಿಂದ ಬಂದು ನೆಲೆಸಿದ ಮನೆತನ ಇರಬೇಕು. ಗಡಿ ಊರಲ್ಲವಾ, ಅತ್ತ ಇತ್ತ ಓಡಾಟ ಇದ್ದೇ ಇರುತ್ತದೆ. ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ ಅಂತ ನಿಮ್ಮ ಮಾವನವರಿಗೆ ಹೇಳಿ.

ಹಳೇಕಾಗದ

ಮೇಡಂ, ನಿಮ್ಮ ಪೋಸ್ಟ್ ಓದಿ ಸುಮ್ನೆ ಇರಲು ಆಗಲಿಲ್ಲ. ಇಲ್ಲಿನ ಒಂದು ದಾಖಲೆ ಕಚೇರಿಯಲ್ಲಿ ಹಳೇ ಚರ್ಚ್ ರಿಜಿಸ್ಟರ್ ಓದಲು ಜನರಿಗೆ ನೆರವಾಗುವ ಕೆಲಸವನ್ನು ಬಹಳ ವರ್ಷಗಳಿಂದ ಮಾಡುತ್ತಾ ಬಂದಿದ್ದೇನೆ, ಸಂಬಳಕ್ಕಲ್ಲ, ಪ್ರೀತಿಗೆ. ಮೈಕ್ರೋಫಿಲ್ಮ್ ಯಂತ್ರದ ಮುಂದೆ ಕೂತವರು ಹೆಸರಿನ ಅರ್ಥ ಕೇಳಿ ಮುಖ ಸಣ್ಣದು ಮಾಡಿಕೊಳ್ಳುವುದನ್ನು ಕಂಡಿದ್ದೇನೆ. ನಿಮ್ಮ ಮಾವನವರಿಗೆ ಹೇಳಿದ್ದು ಅರ್ಧ ಮಾತು. ಉಳಿದ ಅರ್ಧ ಗೊತ್ತಾದರೆ ಅವರು ಆ ಪುಸ್ತಕವನ್ನು ಕಪಾಟಿನಿಂದ ಮತ್ತೆ ತೆಗೆಯುತ್ತಾರೆ ಅಂತ ನನ್ನ ನಂಬಿಕೆ.

ಸೈಸ್ ಅಂದರೆ ಇವತ್ತಿನ ವೆಲ್ಷ್‌ನಲ್ಲಿ ಇಂಗ್ಲಿಷ್‌ನವನು, ಅದು ಸರಿ. ಸ್ಯಾಕ್ಸನ್ ಅನ್ನುವುದರ ಲ್ಯಾಟಿನ್ ರೂಪದಿಂದ ಬಂದದ್ದು. ಸೇಸ್ ಅನ್ನುವ ಸರ್‌ನೇಮ್ ಅದರಿಂದಲೇ ಹುಟ್ಟಿದ್ದು, ಅದೂ ಸರಿ. ಆದರೆ ಈ ಹೆಸರನ್ನು ಯಾರು, ಯಾರಿಗೆ, ಯಾವಾಗ ಇಡುತ್ತಿದ್ದರು ಅನ್ನುವುದು ಮುಖ್ಯ.

ಅದಕ್ಕೆ ವೇಲ್ಸ್‌ನ ಹಳೇ ಪದ್ಧತಿ ಸ್ವಲ್ಪ ತಿಳಿದಿರಬೇಕು. ಆಗ ಸರ್‌ನೇಮ್ ಅನ್ನುವುದೇ ಇರಲಿಲ್ಲ. ಅಪ್ಪನ ಹೆಸರು, ಅಜ್ಜನ ಹೆಸರು ಸೇರಿಸುತ್ತಾ ಹೋಗುತ್ತಿದ್ದರು. ಹೆಸರಿನ ಮುಂದೆ ಅಪ್ಪನ ಇನಿಷಿಯಲ್ ಇಟ್ಟುಕೊಂಡು ಬೆಳೆದ ನಮಗೆ ಇದು ಹೊಸದೇನಲ್ಲ. ಆಪ್ ಅಂದರೆ ಮಗ, ಸ್ವರ ಬಂದರೆ ಆಬ್. ಹೆಣ್ಣುಮಕ್ಕಳಿಗೆ ವೆರ್ಖ್. ಆಪ್ ಹವೆಲ್ ಮುಂದೆ ಪೊವೆಲ್ ಆಯಿತು, ಆಪ್ ರೀಸ್ ಪ್ರೈಸ್ ಆಯಿತು, ಆಬ್ ಓವೆನ್ ಬೋವೆನ್ ಆಯಿತು. ಒಂದೇ ಊರಿನಲ್ಲಿ ಒಂದೇ ಹೆಸರಿನವರು ಹಲವರಿದ್ದರೆ ಗುರುತಿಗೆ ಅಡ್ಡಹೆಸರು ಸೇರುತ್ತಿತ್ತು. ಕೂದಲು ಕೆಂಪಗಿದ್ದರೆ ಗೋಖ್, ಅದೇ ಇವತ್ತಿನ ಗಾಫ್. ತಲೆ ಬೋಳಾಗಿದ್ದರೆ ವೊಯ್ಲ್. ಅಪ್ಪ ಮಗ ಇಬ್ಬರಿಗೂ ಒಂದೇ ಹೆಸರಿದ್ದರೆ ಮಗ ವಖಾನ್, ಅಂದರೆ ಚಿಕ್ಕವನು, ಅದೇ ವಾನ್ ಆಯಿತು. ಸೈಸ್ ಕೂಡ ಈ ಸಾಲಿನಲ್ಲೇ ಬರುವ ಅಡ್ಡಹೆಸರು.

ಈಗ ನೋಡಿ. ಇಡೀ ಊರು ಇಂಗ್ಲಿಷ್ ಮಾತಾಡುವ ಕಡೆ ಒಬ್ಬನನ್ನು ಇಂಗ್ಲಿಷ್‌ನವನು ಅಂತ ಕರೆದರೆ ಗುರುತು ಹೇಗೆ ಸಿಗುತ್ತದೆ? ಎಲ್ಲರೂ ವೆಲ್ಷ್ ಮಾತಾಡುವ ಊರಿನಲ್ಲಿ, ಒಬ್ಬನಿಗೆ ಮಾತ್ರ ಇಂಗ್ಲಿಷ್ ಬರುತ್ತಿದ್ದರೆ, ಇಲ್ಲ ಅವನು ಇಂಗ್ಲೆಂಡಿನಲ್ಲಿ ಕೆಲಕಾಲ ಇದ್ದು ಬಂದಿದ್ದರೆ, ಆಗ ಈ ಹೆಸರಿಗೆ ಕೆಲಸ ಇದೆ. ಹೆಸರೂ ವೆಲ್ಷ್ ಭಾಷೆಯದು, ಇಟ್ಟವರೂ ವೆಲ್ಷ್ ಜನ, ಬಹುಪಾಲು ಇಡಿಸಿಕೊಂಡವನೂ ವೆಲ್ಷ್‌ನವನೇ.

ಇದು ಊಹೆ ಅಲ್ಲ, ಉದಾಹರಣೆ ಕೊಡುತ್ತೇನೆ. ದಕ್ಷಿಣ ವೇಲ್ಸ್‌ನ ಲಾರ್ಡ್ ರೀಸ್ ಹೆಸರು ಕೇಳಿರಬಹುದು. ಡೆಹೈಬಾರ್ಥ್ ರಾಜ್ಯವನ್ನು ಆಳಿದವನು, 1197ರಲ್ಲಿ ತೀರಿಕೊಂಡ. ಅವನ ಮಗ ಹವೆಲ್ ಚಿಕ್ಕವನಿದ್ದಾಗ ಇಂಗ್ಲೆಂಡಿನ ರಾಜ ಎರಡನೇ ಹೆನ್ರಿಯ ಹತ್ತಿರ ಒತ್ತೆಯಾಳಾಗಿದ್ದ. ವರ್ಷಗಟ್ಟಲೆ ಅಲ್ಲೇ ಇದ್ದ. ಕೊನೆಗೆ 1171ರಲ್ಲಿ ರಾಜ ಅವನನ್ನು ಅಪ್ಪನಿಗೆ ಒಪ್ಪಿಸಿದ. ಆಮೇಲೆ ಅವನು ಇತಿಹಾಸದಲ್ಲಿ ಉಳಿದಿದ್ದೇ ಹವೆಲ್ ಸೈಸ್ ಅನ್ನುವ ಹೆಸರಿನಿಂದ. ರಾಜವಂಶದ ಕುಡಿ, ಅಪ್ಪಟ ವೆಲ್ಷ್. 1204ರಲ್ಲಿ ಅಣ್ಣತಮ್ಮಂದಿರ ಜಗಳದಲ್ಲಿ ಇರಿತಕ್ಕೆ ಸಿಕ್ಕಿ ಸತ್ತ. ಅವನ ಸಮಾಧಿ ಸ್ಟ್ರಾಟಾ ಫ್ಲೋರಿಡಾ ಮಠದಲ್ಲಾಯಿತು.

ಇನ್ನೊಬ್ಬ ಎಲಿದಿರ್ ಸೈಸ್. ಹನ್ನೆರಡು-ಹದಿಮೂರನೇ ಶತಮಾನದ ಕವಿ. ಉತ್ತರ ವೇಲ್ಸ್‌ನ ಗ್ವಿನೆದ್‌ನ ರಾಜಕುಮಾರರ ಮೇಲೆ ಪದ್ಯ ಕಟ್ಟಿದವನು, ಅದೂ ವೆಲ್ಷ್‌ನಲ್ಲಿ. ಆ ಭಾಷೆಯ ಆಸ್ಥಾನ ಕವಿಯ ಹೆಸರಿನಲ್ಲೇ ಸೈಸ್ ಇದೆ ಅಂದರೆ ನಿಮ್ಮ ಮಾವನವರಿಗೆ ಇನ್ನೇನು ಬೇಕು!

ಮೂರನೇ ಉದಾಹರಣೆ ನನಗೆ ಬಹಳ ಇಷ್ಟ. ಬ್ರೆಕನ್ ಕಡೆಯ ದಾವಿದ್ ಗಾಮ್, 1415ರ ಅಜಿನ್‌ಕೋರ್ಟ್ ಯುದ್ಧದಲ್ಲಿ ಸತ್ತವನು. ಅವನ ಪೂರ್ತಿ ಹೆಸರು ಬರೆದರೆ ಹೀಗೆ: ದಾವಿದ್ ಗಾಮ್ ಆಪ್ ಲವೆಲಿನ್ ಆಪ್ ಹವೆಲ್ ವಖಾನ್ ಆಪ್ ಹವೆಲ್ ಆಬ್ ಐನಿಯೋನ್ ಸೈಸ್. ಬಲಗಡೆಯಿಂದ ನಿಧಾನವಾಗಿ ಓದಿ. ಮೊದಲು ಐನಿಯೋನ್, ಅವನು ಸೈಸ್. ಅವನ ಮಗ ಹವೆಲ್. ಆ ಹವೆಲ್‌ನ ಮಗನೂ ಹವೆಲ್, ಅದಕ್ಕೇ ಅವನು ವಖಾನ್, ಚಿಕ್ಕ ಹವೆಲ್. ಅವನ ಮಗ ಲವೆಲಿನ್. ಕೊನೆಗೆ ದಾವಿದ್, ಕಣ್ಣಿನಲ್ಲಿ ಊನ ಇದ್ದದ್ದಕ್ಕೆ ಗಾಮ್. ಒಂದೇ ಸಾಲಿನಲ್ಲಿ ಮೂರು ಅಡ್ಡಹೆಸರು, ಮೂರು ಬೇರೆ ಬೇರೆ ತಲೆಮಾರಿನವು. ಸೈಸ್ ಅನ್ನುವುದು ಐನಿಯೋನ್‌ಗೆ ಮಾತ್ರ ಅಂಟಿಕೊಂಡಿತ್ತು, ಮಗನಿಗೆ ದಾಟಲಿಲ್ಲ. ಮುಂದೆ ಈ ವಂಶ ಸರ್‌ನೇಮ್ ಇಟ್ಟುಕೊಂಡಾಗ ಅವರಿಗೆ ಉಳಿದಿದ್ದು ಗಾಮ್. ಬ್ರೆಕನ್‌ಷೈರ್‌ನ ಗೇಮ್ಸ್ ಮನೆತನ ಅಂದರೆ ಇವರೇ. ಇವರ ವಂಶ ಸೇಸ್ ಆಗಬಹುದಿತ್ತು, ಗೇಮ್ಸ್ ಆಯಿತು. ಸರ್‌ನೇಮ್ ಗಟ್ಟಿಯಾದ ಹೊತ್ತಿನಲ್ಲಿ ಯಾವ ಅಡ್ಡಹೆಸರು ಬಾಯಲ್ಲಿತ್ತೋ ಅದು ನಿಂತಿತು. ಸೇಸ್ ಅಪರೂಪ ಆಗಲು ದೊಡ್ಡ ಕಾರಣ ಇದೇ.

ಹಂಚಿಕೆ ಬಗ್ಗೆ ರಾತ್ರಿ ಬರೆಯುತ್ತೇನೆ, ಅದಕ್ಕೆ ಸ್ವಲ್ಪ ಜಾಗ ಬೇಕು.

ಸಂಜೆಕ್ಲಾಸು

ನಾನೂ ವೆಲ್ಷ್ ಕಲಿಯುತ್ತಿರುವವಳು, ಎರಡು ಮಾತು ಸೇರಿಸುತ್ತೇನೆ. ವೆಲ್ಷ್‌ನಲ್ಲಿ ಮೊದಲ ಅಕ್ಷರ ಜಾಗ ನೋಡಿಕೊಂಡು ಬದಲಾಗುತ್ತದೆ. ಕೋಖ್ ಹೋಗಿ ಗೋಖ್, ಬಖಾನ್ ಹೋಗಿ ವಖಾನ್, ಮೊಯ್ಲ್ ಹೋಗಿ ವೊಯ್ಲ್. ಹಾಗಾಗಿ ಸರ್‌ನೇಮ್ ನೋಡಿದ ಕೂಡಲೇ ಮೂಲ ಗುರುತು ಸಿಗುವುದಿಲ್ಲ. ಆದರೆ ಸಕಾರ ಬದಲಾಗುವ ಗುಂಪಿನಲ್ಲಿ ಇಲ್ಲ. ಅದಕ್ಕೇ ಸೈಸ್ ಹಾಗೇ ಉಳಿದಿದೆ. ಬರೆಯುವವರು ಮಾತ್ರ ಅವರವರ ಕಿವಿಗೆ ಕೇಳಿದ ಹಾಗೆ ಬರೆದಿದ್ದಾರೆ.

ಇನ್ನೊಂದು. ಇವತ್ತು ಸೈಸ್ ಅಂತ ಯಾರಾದರೂ ಕರೆದರೆ ಅದರಲ್ಲಿ ಕೆಲವೊಮ್ಮೆ ಚುಚ್ಚು ಇರುತ್ತದೆ, ಹೇಳುವ ಧಾಟಿ ಮೇಲೆ. ನಿಮ್ಮ ಮಾವನವರಿಗೆ ನೋವಾಗಿದ್ದು ಸಹಜ. ಆ ಚುಚ್ಚನ್ನು ಎಂಟುನೂರು ವರ್ಷ ಹಿಂದಿನ ಹೆಸರಿಗೆ ಹಚ್ಚುವುದು ಸರಿಯಲ್ಲ. ಆ ಕ್ಲಾಸಿನಲ್ಲಿ ಒಬ್ಬರಾದರೂ ಹವೆಲ್ ಸೈಸ್ ಕಥೆ ಹೇಳಿದ್ದರೆ ಅವತ್ತಿನ ಸಂಜೆಯೇ ಬೇರೆ ಆಗುತ್ತಿತ್ತು ಅಲ್ವಾ?

ದಾರಿಹೋಕ

ಹಳೇಕಾಗದ ಅವರೇ, ಒಪ್ಪಿದೆ. ಆದರೂ ಒಂದು ಪ್ರಶ್ನೆ. ನಿಜವಾಗಿಯೂ ಇಂಗ್ಲೆಂಡಿನಿಂದ ಬಂದು ವೆಲ್ಷ್ ಊರಲ್ಲಿ ನೆಲೆಸಿದವನನ್ನೂ ಸೈಸ್ ಅಂತಲೇ ಕರೆದಿರಬಹುದಲ್ಲ? ಇನ್ನೊಂದು, ಸೆಸಿಲ್ ಅನ್ನುವ ದೊಡ್ಡ ಮನೆತನ ಇದೆಯಲ್ಲ, ಅದೂ ವೇಲ್ಸ್ ಗಡಿಯಿಂದಲೇ ಬಂದದ್ದು ಅಂತ ಓದಿದ್ದೆ. ಅದು ಇದೇ ಹೆಸರಾ?

ಹಳೇಕಾಗದ

ಕರೆದಿರಬಹುದು, ಖಂಡಿತ. ಹಾಗೆ ಬಂದವನ ಮನೆಯಲ್ಲೂ ಈ ಹೆಸರು ನಿಂತಿರಬಹುದು. ಆಗಲೂ ಅವನ ಸುತ್ತ ವೆಲ್ಷ್ ಮಾತಾಡುವ ನೆರೆಹೊರೆ ಇತ್ತು, ಮಕ್ಕಳು ಆ ಭಾಷೆಯಲ್ಲೇ ಬೆಳೆದರು ಅನ್ನುವುದು ಹೆಸರಿನಿಂದಲೇ ಗೊತ್ತಾಗುತ್ತದೆ. ಇಂಗ್ಲಿಷ್ ಮಾತಾಡುವ ಕಡೆ ಇದರ ತಿರುಗುಮುರುಗು ನಡೆದಿದೆ. ಅಲ್ಲಿ ವೇಲ್ಸ್‌ನಿಂದ ಬಂದವನಿಗೆ ವೆಲ್ಚ್, ವಾಲ್ಷ್, ವಾಲಿಸ್ ಅಂತ ಹೆಸರು ಬಿತ್ತು.

ಸೆಸಿಲ್ ಬೇರೆ. ಅದು ಸೈಸಿಲ್ತ್ ಅನ್ನುವ ಹಳೇ ವೆಲ್ಷ್ ಗಂಡಸಿನ ಹೆಸರಿನಿಂದ ಬಂದದ್ದು, ಅದಕ್ಕೆ ಬೇರೆಯದೇ ಲ್ಯಾಟಿನ್ ಮೂಲ. ಮೊದಲನೇ ಎಲಿಜಬೆತ್ ರಾಣಿಯ ಮಂತ್ರಿ ವಿಲಿಯಂ ಸೆಸಿಲ್ ಇದ್ದನಲ್ಲ, 1520ರಿಂದ 1598, ಅವನ ತಾತ ಹೆರೆಫರ್ಡ್‌ಷೈರ್ ಗಡಿಯ ಆಲ್ಟ್‌ಅರ್‌ಇನಿಸ್ ಅನ್ನುವ ಜಾಗದವನು. ಒಂದೇ ಸೀಮೆ, ಕೇಳಲು ಹತ್ತಿರ, ಅಷ್ಟೇ. ವಂಶವೃಕ್ಷ ಮಾಡುವಾಗ ಈ ಎರಡನ್ನು ಬೆಸೆಯಬೇಡಿ.

ಈಗ ಹಂಚಿಕೆಗೆ ಬರುತ್ತೇನೆ.

ಸೇಸ್ ಅನ್ನುವ ಹೆಸರು ಬೇರು ಬಿಟ್ಟಿರುವುದು ವೇಲ್ಸ್-ಇಂಗ್ಲೆಂಡ್ ಗಡಿಯ ಉದ್ದಕ್ಕೂ. ವೇಲ್ಸ್ ಕಡೆ ಮಾಂಟ್‌ಗಮರಿಷೈರ್, ರಾಡ್ನರ್‌ಷೈರ್. ಇಂಗ್ಲೆಂಡ್ ಕಡೆ ಶ್ರಾಪ್‌ಷೈರ್, ಹೆರೆಫರ್ಡ್‌ಷೈರ್. ಈ ನಾಲ್ಕು ಹಳೇ ಜಿಲ್ಲೆಗಳು ಒಂದಕ್ಕೊಂದು ತಾಗಿಕೊಂಡೇ ಇವೆ. ನಿಮ್ಮ ನೈಟನ್ ಸರಿಯಾಗಿ ಇದರ ನಡುವೆ ಬರುತ್ತದೆ. ಪಶ್ಚಿಮದ ಕಡಲ ಕಡೆ ಹೋದಷ್ಟೂ ಈ ಹೆಸರು ಕಾಣುವುದು ಕಡಿಮೆ. ಅಲ್ಲಿ ಸೈಸ್ ಅಂತ ಕರೆಸಿಕೊಂಡವರು ಇರಲಿಲ್ಲ ಅಂತಲ್ಲ. ಹವೆಲ್ ಸೈಸ್, ಎಲಿದಿರ್ ಸೈಸ್ ಇಬ್ಬರೂ ಗಡಿಯವರಲ್ಲ. ವ್ಯತ್ಯಾಸ ಬಂದಿದ್ದು ಸರ್‌ನೇಮ್ ಯಾವಾಗ ನಿಂತಿತು ಅನ್ನುವುದರಲ್ಲಿ.

1536ರ ಕಾನೂನು ವೇಲ್ಸನ್ನು ಇಂಗ್ಲೆಂಡಿನ ಆಡಳಿತದೊಳಗೆ ಸೇರಿಸಿ, ಕೋರ್ಟುಗಳ ಭಾಷೆ ಇಂಗ್ಲಿಷ್ ಅಂತ ಮಾಡಿತು. ಸರ್‌ನೇಮ್ ಇಟ್ಟುಕೊಳ್ಳಿ ಅಂತ ಅದು ಹೇಳಲಿಲ್ಲ. ಆದರೆ ಕೋರ್ಟಿನ ಗುಮಾಸ್ತರಿಗೆ ಐದು ತಲೆಮಾರಿನ ಸಾಲು ಬರೆಯುವ ಮನಸ್ಸಿರಲಿಲ್ಲ. ಜಮೀನ್ದಾರರು ಮೊದಲು ಸರ್‌ನೇಮ್ ಇಟ್ಟುಕೊಂಡರು. ಸಾಮಾನ್ಯರಲ್ಲಿ ಗಡಿಯವರು ಮುಂದೆ, ಯಾಕೆಂದರೆ ಪಕ್ಕದ ಊರಿನ ಇಂಗ್ಲಿಷರಿಗೆ ಆಗಲೇ ಸರ್‌ನೇಮ್ ಇತ್ತು. ಆ ಹೊತ್ತಿಗೆ ಗಡಿಯಲ್ಲಿ ಅಡ್ಡಹೆಸರುಗಳು ಜೀವಂತವಾಗಿದ್ದವು, ಅವೇ ಸರ್‌ನೇಮ್ ಆದವು. ಗೆಥಿನ್, ಗ್ವಿಲ್ಟ್ ಇಂಥವೆಲ್ಲ ಅದೇ ಗುಂಪು. ಪಶ್ಚಿಮ ಮತ್ತು ಉತ್ತರದ ಹಳ್ಳಿಗಳಲ್ಲಿ ಅಪ್ಪನ ಹೆಸರಿನ ಪದ್ಧತಿ 18ನೇ ಶತಮಾನ ಪೂರ್ತಿ ನಡೆಯಿತು, ಕೆಲವು ಕಡೆ 19ರ ಶುರುವಿನವರೆಗೂ. ಅಷ್ಟರಲ್ಲಿ ಮಕ್ಕಳಿಗೆ ಇಡುವ ಹೆಸರುಗಳೇ ಬೆರಳೆಣಿಕೆಯಷ್ಟಾಗಿದ್ದವು. ಜಾನ್, ಡೇವಿಡ್, ವಿಲಿಯಂ, ಇವಾನ್, ಥಾಮಸ್. ಅವರ ಮಕ್ಕಳು ಜೋನ್ಸ್, ಡೇವಿಸ್, ವಿಲಿಯಮ್ಸ್, ಇವಾನ್ಸ್, ಥಾಮಸ್ ಆದರು. ಅಡ್ಡಹೆಸರಿಗೆ ಜಾಗವೇ ಉಳಿಯಲಿಲ್ಲ.

ದಕ್ಷಿಣದಲ್ಲಿ ಒಂದು ಒಂಟಿ ಗುಂಪು ಇದೆ, ಅದನ್ನು ಮರೆಯಬಾರದು. ಗ್ಲಾಮೊರ್ಗನ್‌ನಲ್ಲಿ ಲಾಂಟ್‌ವಿಟ್ ಮೇಜರ್ ಹತ್ತಿರದ ಬೊವರ್ಟನ್‌ನಲ್ಲಿ 16ನೇ ಶತಮಾನದ ಕೊನೆಗೆ ರೋಜರ್ ಸೇಸ್ ಅನ್ನುವ ವಕೀಲ ದೊಡ್ಡ ಮನೆ ಕಟ್ಟಿಸಿದ. ಮುಂದಿನ ಶತಮಾನದಲ್ಲಿ ಇವಾನ್ ಸೇಸ್ ಅನ್ನುವ ವಕೀಲ ಪಾರ್ಲಿಮೆಂಟ್ ಸದಸ್ಯನಾದ. ಇವರು ಬರೆಯುತ್ತಿದ್ದದ್ದು ಎಸ್, ಇ, ವೈ, ಎಸ್. ನಿಮ್ಮ ಸ್ಪೆಲಿಂಗ್ ಬೇರೆ, ಸೀಮೆ ಬೇರೆ. ದಾಖಲೆ ಇಲ್ಲದೆ ಇವರನ್ನು ನಿಮ್ಮ ಮನೆಗೆ ಸೇರಿಸಿಕೊಳ್ಳಲು ಹೋಗಬೇಡಿ. ದೊಡ್ಡ ಮನೆತನ ಕಂಡರೆ ಕೈ ಹಾಗೇ ಅತ್ತ ಹೋಗುತ್ತದೆ, ನಾನು ನೆರವು ನೀಡಿದ ಎಷ್ಟೋ ಜನರಲ್ಲಿ ಇದನ್ನು ನೋಡಿದ್ದೇನೆ.

19ನೇ ಶತಮಾನದಲ್ಲಿ ಹೆಸರು ಚದುರಿತು. ಗಡಿ ಜಿಲ್ಲೆಗಳಲ್ಲಿ ಹೊಲದ ಕೆಲಸ ಕಡಿಮೆ, ಕೂಲಿ ಕಡಿಮೆ. ಜನ ಬರ್ಮಿಂಗ್‌ಹ್ಯಾಮ್ ಸುತ್ತಲಿನ ಕಬ್ಬಿಣದ ಕೆಲಸಕ್ಕೆ, ಲಿವರ್‌ಪೂಲ್‌ಗೆ, ದಕ್ಷಿಣ ವೇಲ್ಸ್‌ನ ಕಲ್ಲಿದ್ದಲು ಕಣಿವೆಗಳಿಗೆ ಹೋದರು. ರೊಂಡಾ ಕಣಿವೆ 1850ರ ಸುಮಾರಿಗೆ ಕುರಿ ಮೇಯುವ ಜಾಗ. 1911ಕ್ಕೆ ಅಲ್ಲಿ ಒಂದೂವರೆ ಲಕ್ಷ ಜನ. ಬ್ರಿಸ್ಟಲ್‌ಗೆ ವೇಲ್ಸ್‌ನಿಂದ ಹೋಗಿ ನೆಲೆಸುವುದು ಅದಕ್ಕಿಂತ ಎಷ್ಟೋ ಹಳೇ ಕಥೆ. ಈ ಹೆಸರಿನವರಲ್ಲಿ ಹೆಚ್ಚು ಪ್ರಸಿದ್ಧರಾದ ಆರ್ಚಿಬಾಲ್ಡ್ ಹೆನ್ರಿ ಸೇಸ್ ಹುಟ್ಟಿದ್ದು 1845ರಲ್ಲಿ ಬ್ರಿಸ್ಟಲ್ ಪಕ್ಕದ ಶೈರ್‌ಹ್ಯಾಂಪ್ಟನ್‌ನಲ್ಲಿ. ಆಕ್ಸ್‌ಫರ್ಡ್‌ನಲ್ಲಿ ಅಸಿರಿಯಾದ ಭಾಷೆ, ಇತಿಹಾಸ ಕಲಿಸಿದ ಪ್ರೊಫೆಸರ್. ಮರೆತುಹೋಗಿದ್ದ ಹಿಟ್ಟೈಟ್ ಜನರ ಬಗ್ಗೆ ಮೊದಮೊದಲು ಬರೆದವರಲ್ಲಿ ಒಬ್ಬರು. ಮಗಳಿಗೆ ಹೇಳಲು ಒಳ್ಳೆಯ ಹೆಸರು ಇದು.

ಇಂಟರ್‌ನೆಟ್‌ನಲ್ಲಿ ಸಿಗುವ ಸರ್‌ನೇಮ್ ನಕ್ಷೆಗಳನ್ನು ನೋಡುವಾಗ ಒಂದು ಎಚ್ಚರಿಕೆ. ಹೆಚ್ಚಿನವು 1881ರ ಜನಗಣತಿ ಮೇಲೆ ನಿಂತಿವೆ. ಬರೀ ಸಂಖ್ಯೆ ನೋಡಿದರೆ ಲ್ಯಾಂಕಾಷೈರ್, ಗ್ಲಾಮೊರ್ಗನ್ ಇಂಥ ಕಿಕ್ಕಿರಿದ ಜಿಲ್ಲೆಗಳೇ ಮುಂದೆ ಬರುತ್ತವೆ. ಅದು ಜನ ವಲಸೆ ಹೋದ ಜಾಗ, ಹೆಸರು ಹುಟ್ಟಿದ ಜಾಗ ಅಲ್ಲ. ಜಿಲ್ಲೆಯ ಜನಸಂಖ್ಯೆಗೆ ಹೋಲಿಸಿ ಎಷ್ಟು ಪಾಲು ಅಂತ ತೋರಿಸುವ ನಕ್ಷೆ ನೋಡಿ, ಆಗ ಗಡಿ ಎದ್ದು ಕಾಣುತ್ತದೆ.

ಗಡಿಮನೆ ಸೊಸೆ

ಸರ್, ಏನು ಹೇಳಲಿ! ಹವೆಲ್ ಸೈಸ್ ಕಥೆಯನ್ನು ಊಟದ ಹೊತ್ತಿನಲ್ಲಿ ಮಾವನವರಿಗೆ ಹೇಳಿದೆ. ದಾವಿದ್ ಗಾಮ್ ಹೆಸರಿನ ಸಾಲನ್ನು ಕಾಗದದ ಮೇಲೆ ಬರೆಸಿಕೊಂಡು ಬಲಗಡೆಯಿಂದ ಒಂದೊಂದೇ ಓದಿದರು. ಆಮೇಲೆ ಅವರೇ ಬಾಯಿಬಿಟ್ಟು ಒಂದು ವಿಷಯ ಹೇಳಿದರು, ಅದೇ ಅವರನ್ನು ಒಳಗೆ ಕೊರೆಯುತ್ತಿದ್ದದ್ದು ಅನಿಸುತ್ತದೆ. ಅವರ ಮುತ್ತಜ್ಜ ಬಂದದ್ದು ಕ್ಲನ್ ಕಡೆಯಿಂದ. ಕ್ಲನ್ ಇರುವುದು ಶ್ರಾಪ್‌ಷೈರ್‌ನಲ್ಲಿ, ಅಂದರೆ ಇಂಗ್ಲೆಂಡ್. ಹಾಗಾದರೆ ಕ್ಲಾಸಿನವರು ಹೇಳಿದ್ದೇ ಸರಿ ಆಯಿತಲ್ಲ ಅನ್ನುತ್ತಾರೆ. ಇದಕ್ಕೆ ಏನು ಹೇಳಲಿ?

ಕೂದಲೆಳೆ

ಡಿಎನ್‌ಎ ಟೆಸ್ಟ್ ಮಾಡಿಸಿಬಿಡಿ. ಸೇಸ್ ಹೆಸರಿನ ಬೇರೆಯವರ ಜೊತೆ ಹೊಂದಿದರೆ ಮೂಲ ಗೊತ್ತಾಗುತ್ತದೆ.

ಹಳೇಕಾಗದ

ಮೇಡಂ, ಕ್ಲನ್ ಅಂದ ಕೂಡಲೇ ನನಗೆ ಖುಷಿಯಾಯಿತು. ಆ ಸೀಮೆಯನ್ನು ಇವತ್ತಿನ ನಕ್ಷೆ ಇಟ್ಟುಕೊಂಡು ನೋಡಬೇಡಿ.

ಈಗಿನ ಗಡಿರೇಖೆ ಎಳೆದದ್ದು 16ನೇ ಶತಮಾನದಲ್ಲಿ. ಅದಕ್ಕೂ ಮುಂಚೆ ಕ್ಲನ್, ಆಸ್ವೆಸ್ಟ್ರಿ ಎರಡೂ ಇಂಗ್ಲೆಂಡಿನ ಜಿಲ್ಲೆಗೂ ಸೇರಿರಲಿಲ್ಲ, ವೇಲ್ಸ್‌ನ ರಾಜಕುಮಾರರಿಗೂ ಸೇರಿರಲಿಲ್ಲ. ಗಡಿ ಪಾಳೆಯಗಾರರ ಕೈಯಲ್ಲಿದ್ದವು. ಇಂಗ್ಲಿಷ್‌ನಲ್ಲಿ ಮಾರ್ಚರ್ ಲಾರ್ಡ್ ಅನ್ನುತ್ತಾರೆ. ಅಲ್ಲಿ ವೆಲ್ಷ್ ಜನರಿಗೆ ವೆಲ್ಷ್ ಕಟ್ಟಳೆ, ಇಂಗ್ಲಿಷ್ ಜನರಿಗೆ ಇಂಗ್ಲಿಷ್ ಕಟ್ಟಳೆ. ಕ್ಲನ್‌ನ ಪಶ್ಚಿಮದ ಗುಡ್ಡಗಾಡು ಪೂರ್ತಿ ವೆಲ್ಷ್ ಮಾತಿನ ಸೀಮೆ. ಆಮೇಲೆ ಜಿಲ್ಲೆ ಮಾಡುವಾಗ ಇವು ಶ್ರಾಪ್‌ಷೈರ್‌ಗೆ ಹೋದವು. ಜನ ಇದ್ದಲ್ಲೇ ಇದ್ದರು, ಅವರ ಮನೆಯ ಮೇಲೆ ಗೆರೆ ಬಿತ್ತು ಅಷ್ಟೇ.

ಇದಕ್ಕೆ ಒಂದು ಗಟ್ಟಿ ಸಾಕ್ಷಿ ಇದೆ. 1563ರಲ್ಲಿ ಬೈಬಲ್ಲನ್ನು ವೆಲ್ಷ್‌ಗೆ ಅನುವಾದ ಮಾಡಿಸಬೇಕು ಅಂತ ಪಾರ್ಲಿಮೆಂಟ್ ಕಾನೂನು ಮಾಡಿತು. ಆ ಕೆಲಸವನ್ನು ಐದು ಬಿಷಪ್‌ಗಳಿಗೆ ಒಪ್ಪಿಸಿತು. ಸೇಂಟ್ ಏಸಫ್, ಬ್ಯಾಂಗೋರ್, ಸೇಂಟ್ ಡೇವಿಡ್ಸ್, ಲಾಂಡಾಫ್, ಈ ನಾಲ್ಕೂ ವೇಲ್ಸ್‌ನವು. ಐದನೆಯವರು ಹೆರೆಫರ್ಡ್‌ನ ಬಿಷಪ್, ಇಂಗ್ಲೆಂಡಿನವರು. ಯಾಕೆ? ಅವರ ಕೈಕೆಳಗಿನ ಪ್ಯಾರಿಷ್‌ಗಳಲ್ಲೂ, ಅಂದರೆ ಒಂದೊಂದು ಚರ್ಚಿಗೆ ಸೇರಿದ ಊರುಗಳಲ್ಲೂ, ವೆಲ್ಷ್ ಮಾತಾಡುವ ಜನ ಇದ್ದರು ಅಂತ. ಕ್ಲನ್ ಬರುವುದು ಅದೇ ಹೆರೆಫರ್ಡ್ ಬಿಷಪ್‌ರ ವ್ಯಾಪ್ತಿಗೆ. ನಿಮ್ಮ ಮಾವನವರಿಗೆ ಈ ಒಂದು ಮಾತು ಹೇಳಿ: ಅವರ ಹೆಸರು ಸರ್‌ನೇಮ್ ಆಗಿ ನಿಲ್ಲುತ್ತಿದ್ದ ಶತಮಾನದಲ್ಲಿ, ಅವರ ಮುತ್ತಜ್ಜನ ಸೀಮೆಯ ಬಿಷಪ್‌ಗೆ ವೆಲ್ಷ್ ಬೈಬಲ್ ಮಾಡಿಸಿ ಅಂತ ಸರ್ಕಾರವೇ ಹೇಳಿತ್ತು.

ಕ್ಲನ್‌ನಿಂದ ನೈಟನ್‌ಗೆ ಗುಡ್ಡ ಹತ್ತಿ ಇಳಿದರೆ ಆಯಿತು, ಅರ್ಧ ದಿನದ ನಡಿಗೆಯೂ ಇಲ್ಲ. ಸಂತೆಗೆ ಬಂದವನು ಅಲ್ಲೇ ಕೆಲಸ ಹಿಡಿದು ನಿಂತರೆ ಅದನ್ನು ವಲಸೆ ಅಂತ ಯಾರೂ ಅನ್ನುತ್ತಿರಲಿಲ್ಲ.

ಅಜ್ಜನಿಗೆ ವೆಲ್ಷ್ ಬರುತ್ತಿರಲಿಲ್ಲ ಅನ್ನುವುದೂ ಅವರ ಮನಸ್ಸಿನಲ್ಲಿರಬಹುದು. ರಾಡ್ನರ್‌ಷೈರ್‌ನ ಪೂರ್ವಭಾಗದಲ್ಲಿ 18ನೇ ಶತಮಾನದಲ್ಲೇ ವೆಲ್ಷ್ ಮಾತು ಹಿಂದೆ ಸರಿದಿತ್ತು. ಭಾಷೆ ಹೋಯಿತು, ಆ ಭಾಷೆ ಇಟ್ಟ ಹೆಸರು ಉಳಿಯಿತು. ಹಾಗೆ ನೋಡಿದರೆ ಅವರ ಮನೆಯಲ್ಲಿ ಉಳಿದ ಅತ್ಯಂತ ಹಳೇ ವೆಲ್ಷ್ ಮಾತು ಅವರ ಸರ್‌ನೇಮೇ.

ಕೂದಲೆಳೆ ಅವರಿಗೆ: ಡಿಎನ್‌ಎ ಬೇಡ ಅನ್ನುವುದಿಲ್ಲ. ಆದರೆ ಸೈಸ್ ಅನ್ನುವುದು ಹತ್ತಾರು ಊರುಗಳಲ್ಲಿ ಹತ್ತಾರು ಜನರಿಗೆ ಬೇರೆ ಬೇರೆಯಾಗಿ ಬಿದ್ದ ಹೆಸರು. ಎಲ್ಲ ಸೇಸ್‌ಗಳಿಗೂ ಒಬ್ಬನೇ ಮೂಲಪುರುಷ ಇಲ್ಲ. ಎರಡು ಸೇಸ್ ಮನೆಗಳು ಹೊಂದದಿದ್ದರೆ ಅದರಿಂದ ಯಾವ ತೀರ್ಮಾನಕ್ಕೂ ಬರಲಾಗದು. ಮೊದಲು ಕಾಗದದ ದಾರಿ ಮುಗಿಸಿ, ಆಮೇಲೆ ಅನುಮಾನ ಉಳಿದರೆ ಟೆಸ್ಟ್.

ಗಡಿಮನೆ ಸೊಸೆ

ಬೈಬಲ್ ವಿಷಯ ಹೇಳಿದೆ ಸರ್. "ಹೆರೆಫರ್ಡ್ ಬಿಷಪ್ಪಾ?" ಅಂತ ಮತ್ತೆ ಮತ್ತೆ ಕೇಳಿದರು. ಈಗ ಅವರಿಗೇ ಹುಡುಕುವ ಹುಮ್ಮಸ್ಸು ಬಂದಿದೆ. ಮುಂದಿನ ವಾರ ಕ್ಲಾಸಿಗೆ ಹೋಗುತ್ತೇನೆ, ಆ ಸಾಲು ಬರೆದ ಕಾಗದ ತೆಗೆದುಕೊಂಡೇ ಹೋಗುತ್ತೇನೆ ಅನ್ನುತ್ತಿದ್ದಾರೆ. ಕಾಗದದ ದಾರಿ ಅಂದಿರಲ್ಲ, ಎಲ್ಲಿಂದ ಶುರು ಮಾಡಬೇಕು?

ಹಳೇಕಾಗದ

ಗೊತ್ತಿರುವ ತಲೆಮಾರಿನಿಂದ ಹಿಂದಕ್ಕೆ. ಹವೆಲ್ ಸೈಸ್‌ನಿಂದ ಮುಂದಕ್ಕೆ ಬರಲು ಹೋಗಬೇಡಿ, ಆ ದಾರಿ ಎಲ್ಲಿಗೂ ಮುಟ್ಟುವುದಿಲ್ಲ.

ಜನನ, ಮದುವೆ, ಮರಣದ ಸರ್ಕಾರಿ ನೋಂದಣಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1837ರ ಜುಲೈನಿಂದ ಇದೆ. ಮುತ್ತಜ್ಜನ ಮದುವೆ ಸರ್ಟಿಫಿಕೇಟ್ ತರಿಸಿದರೆ ಅದರಲ್ಲಿ ಅವರ ಅಪ್ಪನ ಹೆಸರು, ಕೆಲಸ ಎರಡೂ ಇರುತ್ತವೆ. ಅದನ್ನು ಹಿಡಿದು ಜನಗಣತಿಗೆ ಹೋಗಿ. 1841ರದ್ದರಲ್ಲಿ ಹುಟ್ಟಿದ ಊರು ಇರುವುದಿಲ್ಲ, ಅದೇ ಜಿಲ್ಲೆಯವನಾ ಅಲ್ಲವಾ ಅಂತ ಮಾತ್ರ ಇರುತ್ತದೆ. 1851ರಿಂದ ಹುಟ್ಟಿದ ಪ್ಯಾರಿಷ್ ಬರೆದಿದ್ದಾರೆ, ನಿಮಗೆ ಬೇಕಾದ ಕಾಲಂ ಅದೇ. ಮಾವನವರಿಗೆ 1891ರದ್ದನ್ನೂ ತೋರಿಸಿ. ಆ ವರ್ಷ ಮೊದಲ ಸಲ ವೇಲ್ಸ್‌ನಲ್ಲಿ ಯಾವ ಭಾಷೆ ಮಾತಾಡುತ್ತೀರಿ ಅಂತ ಕೇಳಿದ್ದರು.

ಹುಡುಕುವಾಗ ಒಂದೇ ಸ್ಪೆಲಿಂಗ್‌ಗೆ ಅಂಟಿಕೊಳ್ಳಬೇಡಿ. ಕೊನೆಯಲ್ಲಿ ಸಿ ಇ ಇರಬಹುದು, ಎಸ್ ಇ ಇರಬಹುದು. ನಡುವೆ ಎ ವೈ, ಎ ಐ, ಇ ವೈ ಯಾವುದೂ ಆಗಬಹುದು. ಹಳೇ ಕೈಬರಹದಲ್ಲಿ ದೊಡ್ಡ ಎಸ್ ಅಕ್ಷರ ಎಲ್ ಥರ ಕಾಣುತ್ತದೆ, ಕೆಲವೊಮ್ಮೆ ಜೆ ಥರ. ಹಾಗಾಗಿ ಇಂಡೆಕ್ಸ್ ಮಾಡಿದವರು ತಪ್ಪು ಓದಿರುವ ಸಾಧ್ಯತೆ ಇದೆ. ಹೆಸರು ಸಿಗದಿದ್ದರೆ ಊರು, ವಯಸ್ಸು, ಹೆಂಡತಿ ಹೆಸರು ಹಾಕಿ ಹುಡುಕಿ.

1837ಕ್ಕಿಂತ ಹಿಂದೆ ಹೋದರೆ ಪ್ಯಾರಿಷ್ ರಿಜಿ‌ಸ್ಟರ್. 1813ರಿಂದ ಬ್ಯಾಪ್ಟಿಸಮ್‌ಗೆ ಅಚ್ಚು ಹಾಕಿದ ಫಾರಂ ಬಂತು, ಅಪ್ಪನ ಕೆಲಸ, ವಾಸದ ಜಾಗ ಸಿಗುತ್ತದೆ. ಅದಕ್ಕೂ ಹಿಂದೆ ಒಂದೊಂದೇ ಸಾಲು. 1733ರವರೆಗೆ ಕೆಲವು ಲ್ಯಾಟಿನ್‌ನಲ್ಲಿವೆ, ಹೆದರಬೇಡಿ, ಫಿಲಿಯಸ್ ಅಂದರೆ ಮಗ, ಫಿಲಿಯಾ ಅಂದರೆ ಮಗಳು, ಇಷ್ಟು ಗೊತ್ತಿದ್ದರೆ ಅರ್ಧ ಕೆಲಸ ಆಯಿತು. ಶಾಯಿ ಕಂದು ಬಣ್ಣಕ್ಕೆ ತಿರುಗಿರುತ್ತದೆ, ಅಂಚು ಹರಿದಿರುತ್ತದೆ, ಎರಡು ಸಾಲಿನ ಮಧ್ಯೆ ಮರೆತ ಹೆಸರನ್ನು ತುರುಕಿರುತ್ತಾರೆ. ನಿಧಾನವಾಗಿ ಓದಿ.

ಉಯಿಲುಗಳನ್ನು ಬಿಡಬೇಡಿ. 1858ಕ್ಕಿಂತ ಮುಂಚೆ ಚರ್ಚ್ ಕೋರ್ಟುಗಳಲ್ಲಿ ದಾಖಲಾದ ವೇಲ್ಸ್‌ನ ಉಯಿಲುಗಳು ಅಬರಿಸ್ಟ್‌ವಿತ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. 1,90,000ಕ್ಕೂ ಜಾಸ್ತಿ, ಮನೆಯಲ್ಲೇ ಕೂತು ಉಚಿತವಾಗಿ ನೋಡಬಹುದು. ಸಣ್ಣ ರೈತನ ಉಯಿಲಿನಲ್ಲೂ ಹಸು ಎಷ್ಟು, ಹಾಸಿಗೆ ಯಾರಿಗೆ, ಅಳಿಯನ ಹೆಸರೇನು ಅಂತ ಇರುತ್ತದೆ. ಆದರೆ ಕ್ಲನ್ ಹೆರೆಫರ್ಡ್ ಬಿಷಪ್‌ರ ಕೆಳಗೆ ಬರುವುದರಿಂದ ಅಲ್ಲಿಯವರ ಉಯಿಲನ್ನು ಹೆರೆಫರ್ಡ್ ಕಡೆ ಹುಡುಕಬೇಕು. ರಾಡ್ನರ್‌ಷೈರ್‌ನ ಪ್ರೆಸ್ಟೀನ್ ಥರದ ಕೆಲವು ಪ್ಯಾರಿಷ್‌ಗಳದ್ದೂ ಹಾಗೇ. ಅಬರಿಸ್ಟ್‌ವಿತ್‌ನಲ್ಲಿ ಸಿಗಲಿಲ್ಲ ಅಂತ ಕೈಬಿಡಬೇಡಿ.

ಮೊದಲು 1851ರ ಕಾಲಂ ನೋಡಿ. ಪ್ಯಾರಿಷ್ ಹೆಸರು ಸಿಕ್ಕ ಮೇಲೆ ಇಲ್ಲೇ ಹಾಕಿ. ಓದಲು ಬಾರದ ಅಕ್ಷರ ಇದ್ದರೆ ಫೋಟೋ ಸಮೇತ ಹಾಕಿ, ನಾವೆಲ್ಲ ಸೇರಿ ಓದೋಣ.